ರೀಲಿನಲ್ಲಿ ಉಳಿದ ದನಿ

1938 ಜುಲೈ 12, ಕುಜ್ಮಿರ್

ಬೆಳಗಿನಿಂದ ಐದು ಶಾಟ್. ಟಿಪ್ಪಣಿ ಬರೆದೂ ಬರೆದೂ ಕೈ ಸೋತಿದೆ. ಮಗನನ್ನು ಪರದೇಶಕ್ಕೆ ಕಳಿಸುವ ತಾಯಿಯ ದೃಶ್ಯ ನಾಳೆ. ವಾರ್ಸಾದ ನಟಿಗೆ ಜ್ವರವಂತೆ. ಈ ಊರಲ್ಲಿ ಬ್ರೆಡ್ ಸುಟ್ಟು ಮಾರುವ ಬ್ರೈನಾಳನ್ನೇ ನಿಲ್ಲಿಸೋಣ ಎಂದರು ನಿರ್ದೇಶಕ ಜೆಲ್ಮನ್. ಒಪ್ಪಿಸಲು ನಾನು ಹೋದೆ.

"ಈ ಪಿಕ್ಚರ್ರು ಬ್ಯೂನಸ್ ಐರಿಸ್‌ಗೂ ಹೋಗುತ್ತಾ, ಪೆಸಾ?"

"ಯಿದ್ದಿಶ್ ಆಡೋ ನಮ್ಮ ಯಹೂದಿಗಳು ಇರೋ ಕಡೆಗೆಲ್ಲ ಹೋಗುತ್ತೆ, ಬ್ರೈನಮ್ಮ."

"ನನ್ನ ಯೋನೆ ಅಲ್ಲೇ ಇದಾನೆ. ನಾಲ್ಕು ವರ್ಷ ಆಯ್ತು, ಒಂದು ಕಾಗದ ಇಲ್ಲ. ನನ್ನ ಮುಖ ಕಂಡಾದ್ರೂ ಬರೆದಾನು."

ಖಂಡಿತ ಕಾಣ್ತಾನೆ ಎಂದೆ. ಮಾತು ಕೊಟ್ಟುಬಿಟ್ಟೆ.

ಜುಲೈ 13

ಬರೆದುಕೊಟ್ಟ ಮಾತು "ದೇವರು ಕಾಯಲಿ". ಆಕೆ ಅದನ್ನು ಮರೆತು ಮಗನ ಬಂಡಿಯ ಹಿಂದೆಯೇ ಓಡಿದಳು — "ಕೊರಳು ಮುಚ್ಕೊಳ್ಳೋ ನನ್ನ ಕೋಳಿಮರೀ, ಗಾಳಿ ಇದೆ!" ನಮ್ಮ ನಟರ ತಿದ್ದಿದ ಯಿದ್ದಿಶ್ ಅಲ್ಲ, ಅಪ್ಪಟ ಕುಜ್ಮಿರ್ ಮಾತು. ಚೆನ್ನಾಗಿದೆ, ಮತ್ತೊಮ್ಮೆ ಎಂದರು ಜೆಲ್ಮನ್. ಮತ್ತೊಮ್ಮೆ... ನಾಲ್ಕನೆಯದಕ್ಕೆ ನೆಲದ ಮೇಲೇ ಕೂತುಬಿಟ್ಟಳು.

"ಇರೋನೊಬ್ಬ ಮಗನನ್ನ ಎಷ್ಟು ಸಲ ಕಳಿಸ್ಲಪ್ಪ?"



ನವೆಂಬರ್ 3, ವಾರ್ಸಾ

ವಿತರಕರಿಗೆ ಹೆಸರಿನ ನಟಿಯೇ ಬೇಕಂತೆ. ತಾಯಿಯ ದೃಶ್ಯವನ್ನು ಸ್ಟುಡಿಯೋದಲ್ಲಿ ಮತ್ತೆ ತೆಗೆದರು. ಬ್ರೈನಾಳೇ ಇರಲಿ ಎಂದು ಜೆಲ್ಮನ್‌ರನ್ನು ಬೇಡಿಕೊಂಡೆ.

"ಸುಮ್ನಿರು ಪೆಸಾ. ಆಕೆ ಯಾರಂತ ಟಿಕೆಟ್ ತಗೋತಾರೆ?"

ಆ ಕೂಗು ಮಾತ್ರ ನಟಿಗೆ ಬರಲಿಲ್ಲ. ದೂರ ಹೋಗುವ ಬಂಡಿಯ ಮೇಲೆ ಬ್ರೈನಾಳ ದನಿ ಉಳಿಯಿತು. ಮುಖ ಹೋಯಿತು. ಸಂಕಲನದ ಕತ್ತರಿ ಹಿಡಿದವಳು ನಾನೇ.

1939 ಜನವರಿ 22

ಬ್ರೈನಾ ಕುಜ್ಮಿರ್‌ನಿಂದ ಬಂದಿದ್ದಳು, ಪಿಕ್ಚರ್ ನೋಡಲು. ತಲೆಗೆ ಹೊಸ ರುಮಾಲು. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಪಕ್ಕದಲ್ಲೇ ಕೂತಿದ್ದೆ. ತನ್ನ ದನಿ ಕೇಳಿ ನೆಟ್ಟಗೆ ಕೂತಳು. ಕೊನೆಯವರೆಗೂ ಕಾದಳು.

"ನಾನೆಲ್ಲಿ ಬಂದೆ?"

ವಿತರಕರು ತೆಗೆಸಿಬಿಟ್ಟರು ಎಂದೆ.

"ಹೋಗ್ಲಿ ಬಿಡು. ಒಲೆ ಮುಂದೆ ಬೆಂದ ಮುಖ." ಗಂಟಿನಿಂದ ಬ್ರೆಡ್ ತೆಗೆದು ನನ್ನ ಕೈಗಿಟ್ಟು ಸ್ಟೇಷನ್ನಿಗೆ ನಡೆದಳು.

ಆಗಸ್ಟ್ 29

ಆಫೀಸಿಗೆ ಬ್ಯೂನಸ್ ಐರಿಸ್‌ನಿಂದ ಲಕೋಟೆ. ಒಳಗೆ ಎರಡು ಕಾಗದ. ಒಂದು ನಮಗೆ: "ಬಂಡಿ ಹೊರಡುವಾಗ ಕೂಗಿದವಳು ನನ್ನ ತಾಯಿ. ಥಿಯೇಟರಿನಲ್ಲಿ ಎದ್ದು ನಿಂತುಬಿಟ್ಟೆ. ಜೈಲಿನಲ್ಲಿದ್ದೆ, ಬರೆಯಲಿಲ್ಲ. ಈಗ ನೇರವಾಗಿ ಬರೆಯಲು ಮುಖವಿಲ್ಲ. ದಯವಿಟ್ಟು ನೀವೇ ತಲುಪಿಸಿ." ಇನ್ನೊಂದು ಅವಳಿಗೆ.

ಅಂಚೆಯನ್ನು ನಂಬಲಾರೆ. ಶುಕ್ರವಾರ ನಾನೇ ಹೋಗುತ್ತೇನೆ.

ಸೆಪ್ಟೆಂಬರ್ 1, ಶುಕ್ರವಾರ

ಸ್ಟೇಷನ್ನಿನಿಂದ ವಾಪಸ್. ರೈಲೆಲ್ಲ ಸೈನಿಕರಿಗೆ. ಬೆಳಿಗ್ಗೆಯಿಂದ ಜರ್ಮನ್ನರ ಬಾಂಬು.

ಸೆಪ್ಟೆಂಬರ್ 7

ಊರು ಊರೇ ರಸ್ತೆಗಿಳಿದಿದೆ. ಒಂದು ಲಾರಿ ಲುಬ್ಲಿನ್ ಕಡೆ ಹೊರಟಿದೆ, ನಡುವೆ ಕುಜ್ಮಿರ್ ಹತ್ತಿರ ಇಳಿಸುತ್ತಾರಂತೆ. ಯೋನೆಯ ಕಾಗದ ರವಿಕೆಯೊಳಗಿದೆ. ಮೊದಲು ಅದನ್ನು ಬ್ರೈನಾಳಿಗೆ ಓದಿ ಹೇಳಬೇಕು. ಆಮೇಲೆ ಕತ್ತರಿಸಿದ್ದು ನಾನೇ ಎಂದು... ಡ್ರೈವರ್ ಕೂಗುತ್ತಿದ್ದಾನೆ. ತಲುಪಿದ ಮೇಲೆ ಅವಳ ಎದುರೇ ಕೂತು —