ಹನ್ನೆರಡು ಹೆಜ್ಜೆಗೆ ಸಪಾಟು ನೆಲ

ಫೆಬ್ರವರಿ ೧೧, ಮಂಗಳವಾರ

ಇವತ್ತೂ ಹೆಜ್ಜೆ ಸಾಲಲಿಲ್ಲ. ಊಟಿಯ ಮೈದಾನದಲ್ಲಿ ಪೋಲ್ ವಾಲ್ಟ್‌ಗೆ ಹನ್ನೆರಡು ಹೆಜ್ಜೆ ಓಡಿ ಕೋಲು ಊರಿದಾಗ ನಾನು ಎರಡಡಿ ಹಿಂದೆಯೇ ಇದ್ದೆ. ಕೋಲು ಅರ್ಧಕ್ಕೇ ನಿಂತಿತು. ನಾನು ಒಣಹಾಕಿದ ಸ್ವೆಟರಿನಂತೆ ಜೋತುಬಿದ್ದೆ. ಶನಿವಾರದ ಆಯ್ಕೆಯಲ್ಲೂ ಹೀಗಾದರೆ ಜಿಲ್ಲಾ ತಂಡದ ಆಸೆ ಬಿಡಬೇಕು.

“ಊರಲ್ಲಿ ಸರಿಯಾಗಿ ಬರುತ್ತೆ ಅಂತೀಯಲ್ಲ ತಂಬಿ, ಎಲ್ಲಿ ಓಡ್ತೀಯ?” ಎಂದರು ಜಯರಾಮನ್ ಮಾಸ್ಟರ್.

“ಟೀ ಫ್ಯಾಕ್ಟರಿ ರಸ್ತೇಲಿ.”

“ಏರಾ, ಇಳಿಜಾರಾ?”

ಸುಳ್ಳು ಹೇಳಬಹುದಿತ್ತು. “ಇಳಿಜಾರು, ಮಾಸ್ಟರ್. ಏರು ಹತ್ತೋಕೆ ಸೋಮಾರಿತನ.”

ಅವರು ತಲೆಯ ಮೇಲೆ ಕೈಯಿಟ್ಟು ಕೂತರು. “ಇಳಿಜಾರಲ್ಲಿ ಹೆಜ್ಜೆ ತಾನಾಗಿ ಉದ್ದ ಆಗುತ್ತೆ ಕಣೋ! ಮೂರು ತಿಂಗಳಿಂದ ನಿನ್ನ ಕೈ, ಮೊಣಕಾಲು ತಿದ್ದಿದೆ. ಬೆಟ್ಟಾನೂ ನಾನೇ ತಿದ್ಲಾ? ಹೋಗು, ಸಪಾಟು ನೆಲ ಹುಡುಕು.”

ನಮ್ಮ ಹಟ್ಟಿಯಲ್ಲಿ ಸಪಾಟಾಗಿರುವುದು ಒಂದೇ ಜಾಗ, ನಾನು ಹತ್ತನೆಯ ತರಗತಿಯಲ್ಲಿ ಬಿಟ್ಟುಬಂದ ಶಾಲೆಯ ಮೈದಾನ. “ಇನ್ನು ಈ ಮಣ್ಣು ತುಳಿಯಲ್ಲ” ಎಂದು ಎಲ್ಲರೆದುರು ಕೂಗಿ ಬಂದಿದ್ದೆ. ಸಂಜೆ ಗೇಟಿನ ಹೊರಗೇ ನಿಂತು ಗಾಯತ್ರಿ ಟೀಚರನ್ನು ಕೇಳಿದೆ.

“ಓಡು ಕಣ್ಣಾ, ಬೇಡ ಅಂದೋರ್ಯಾರು?” ಎಂದರು. “ಆದ್ರೆ ಯಾಕೆ ಬಂದೆ ಅಂತ ಚಿಕ್ಕ ಮಕ್ಕಳು ಕೇಳಿದ್ರೆ ಏನ್ ಹೇಳ್ತೀಯ?”

“ಹನ್ನೆರಡರವರೆಗೆ ಎಣಿಸೋಕೆ ಸರಿಯಾಗಿ ಬರ್ತಿಲ್ಲ, ಕಲಿಯೋಕೆ ಬಂದೆ ಅಂತೀನಿ.”

ಟೀಚರ್ ಗೇಟು ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ, ನನ್ನ ಹೆಜ್ಜೆಗಳ ನಿಜವನ್ನೇ ಹೇಳಿದ್ದೆ.

ನಾಳೆ ಎಂಟಕ್ಕೆ ಹೋಗಬೇಕು. ನಾನು ಓಡುತ್ತಿರುವಾಗಲೇ ಪ್ರಾರ್ಥನೆಯ ಬೆಲ್ ಹೊಡೆದರೆ ಕೋಲು ಹಿಡಿದುಕೊಂಡು ಎಲ್ಲಿ ನಿಲ್ಲಲಿ? ಹತ್ತನೆಯವರ ಸಾಲಿನಲ್ಲೋ, ಇಲ್ಲಾ ಗೇಟಿನ ಹೊರಗೋ?