ಬಿರಡೆ ಬಾರದ ಹದಿನಾರು ದಿನ

ರಾಯಚೂರು, 2194ನೇ ಇಸವಿ, ಮೇ 11

ನೂರೆಪ್ಪತ್ತು ವರ್ಷ ಹಿಂದಿನವರೇ,

ಮೇಲಿನ ತಾರೀಖನ್ನು ನೀವು ನಂಬಲಾರಿರಿ. ನನ್ನ ಕೆಲವು ಪದಗಳೂ ವಿಚಿತ್ರವೆನಿಸಬಹುದು. ಅಷ್ಟಕ್ಕೆ ಕ್ಷಮೆ ಇರಲಿ. ಬೇರೆ ಯಾವುದಕ್ಕೂ ನಾನು ನಿಮ್ಮಲ್ಲಿ ಕ್ಷಮೆ ಕೇಳುವವಳಲ್ಲ.

ನನ್ನ ಹೆಸರು ಮಹಾಂತಮ್ಮ ಬಳಿಗಾರ. ಆಸ್ಪತ್ರೆಗಳಿಗೆ ಸಲೈನ್ ಬಾಟಲಿ ಕಳಿಸುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ರವಾನೆ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಕಾಲದ ಬಹುತೇಕ ಕಾರ್ಖಾನೆಗಳು ‘ಕೂಡುಸಾಲಿ’ನಲ್ಲಿವೆ. ಕಚ್ಚಾ ಮಾಲು ಕೊಡುವವರು, ಲಾರಿಗಳು, ನಾವು, ಆಸ್ಪತ್ರೆಗಳು, ಹೀಗೆ ಎಲ್ಲರನ್ನೂ ಒಂದೇ ಗಣಕಕ್ಕೆ ಬೆಸೆದ ವ್ಯವಸ್ಥೆಗೆ ಆ ಹೆಸರು. ಆಸ್ಪತ್ರೆಯಲ್ಲಿ ಒಂದು ಬಾಟಲಿ ಖಾಲಿಯಾದರೆ ಇಲ್ಲಿ ಒಂದು ತುಂಬುತ್ತದೆ. ಹೆಚ್ಚು ದಾಸ್ತಾನು ಇಡುವುದು ತಪ್ಪು. ಈ ರೂಢಿ ಮನೆಯೊಳಗೂ ಬಂದಿದೆ. ಈಗ ಮನೆ ಕಟ್ಟುವಾಗ ಯಾರೂ ಉಗ್ರಾಣ ಇಡಿಸುವುದಿಲ್ಲ. ಬಿಸಿಲು ತಾಳಲಾರದೆ ಚಾವಣಿ ಹೊದಿಸಿದ ರಸ್ತೆಗಳಿಗೆ ನಾವು ‘ನೆರಳುಬೀದಿ’ ಎನ್ನುತ್ತೇವೆ. ಬೆಳಿಗ್ಗೆ ಅಲ್ಲಿಗೆ ಹೋಗಿ ಅವತ್ತಿನ ಜೋಳದ ಹಿಟ್ಟು ತರುತ್ತೇವೆ. ಮೂರು ದಿನದ ಹಿಟ್ಟು ಇಟ್ಟುಕೊಂಡವರನ್ನು ನೋಡಿ ಅಕ್ಕಪಕ್ಕದವರು ನಗುತ್ತಾರೆ.

ಸುಳ್ಳು ಹೇಳುವುದಿಲ್ಲ, ಕೂಡುಸಾಲಿಗೆ ಸೇರಿದ ಮೇಲೆ ಒಂಬತ್ತು ವರ್ಷ ನಮಗೆ ಒಳ್ಳೆಯದೇ ಆಯಿತು. ವಾರ ಹಿಡಿಯುತ್ತಿದ್ದ ರವಾನೆ ಎರಡು ದಿನಕ್ಕೆ ಇಳಿಯಿತು. ಮಾಲು ಹಾಳಾಗುವುದು ನಿಂತಿತು, ಲಾಭ ಇಮ್ಮಡಿಯಾಯಿತು. ಬಾಟಲಿಯ ಬಾಯಿಗೆ ಹಾಕುವ ರಬ್ಬರ್ ಬಿರಡೆಯನ್ನು ಸಮುದ್ರದಂಡೆಯ ಒಂದೇ ಕಾರ್ಖಾನೆಯಿಂದ ತರಿಸಬೇಕೆಂದು ಗಣಕ ಹೇಳಿತು. ಅಲ್ಲಿಯವರೆಗೆ ಬಿರಡೆ ಕೊಡುತ್ತಿದ್ದವರು ಲಿಂಗಸುಗೂರು ರಸ್ತೆಯ ಹುಸೇನಪ್ಪ. ಅವರನ್ನು ಕೂಡುಸಾಲಿನ ಪಟ್ಟಿಯಿಂದ ತೆಗೆದ ಕಾಗದವನ್ನು ಮುಟ್ಟಿಸಿದವಳು ನಾನೇ. ಅವರು ಅದನ್ನು ಓದಿ ಮಡಚಿಟ್ಟು, ನನಗೆ ಚಹಾ ಕೊಟ್ಟು ಕಳಿಸಿದರು.

ಕಳೆದ ವರ್ಷ ಏಪ್ರಿಲ್‌ನಲ್ಲಿ ಆ ದಂಡೆಯ ಕಾರ್ಖಾನೆಗೆ ಸಮುದ್ರ ನುಗ್ಗಿತು. ನಮ್ಮಲ್ಲಿದ್ದದ್ದು ಒಂದೂವರೆ ದಿನಕ್ಕೆ ಸಾಲುವ ಬಿರಡೆ. ಅದೇ ವಾರ ನದಿಪಾತ್ರದ ಊರುಗಳಲ್ಲಿ ವಾಂತಿಭೇದಿ ಹಬ್ಬಿತು. ಕೇಳಿದಾಗಲೆಲ್ಲ ಕೂಡುಸಾಲಿನಿಂದ ಒಂದೇ ಉತ್ತರ: ಮಾಲು ದಾರಿಯಲ್ಲಿದೆ. ದಾರಿಯಲ್ಲಿ ಏನೂ ಇರಲಿಲ್ಲ. ಬಿರಡೆ ನಿಂತ ಒಂಬತ್ತನೆಯ ದಿನ ನನ್ನ ತಂಗಿ ಈರಮ್ಮ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದಳು. ಹತ್ತನೆಯ ದಿನ ಸತ್ತಳು. ಅವಳ ಮಂಚದಿಂದ ನಮ್ಮ ಕಾರ್ಖಾನೆಗೆ ಅರ್ಧ ಗಂಟೆಯ ನಡಿಗೆ. ಅಲ್ಲಿ ತೊಟ್ಟಿಗಳ ತುಂಬ ಸಲೈನ್ ಇತ್ತು, ಸಾಲುಸಾಲು ಬಾಟಲಿಗಳಿದ್ದವು. ಮುಚ್ಚುವುದಕ್ಕೆ ಬಿರಡೆ ಇರಲಿಲ್ಲ.

ಮಣ್ಣು ಮಾಡಿ ಬಂದವಳು ನೆಟ್ಟಗೆ ಹುಸೇನಪ್ಪನವರ ಮನೆಗೆ ಹೋದೆ.

“ಕಾಕಾ, ಬಿರಡೆ ಅಚ್ಚು ಇನ್ನೂ ಅದಾವೇನ್ರಿ?”

“ಯಂತ್ರ ಗುಜರಿಗೆ ಕೊಟ್ಟೆ. ಅಚ್ಚು ಕೊಡಾಕ ಮನಸಾಗಲಿಲ್ಲ,” ಎಂದರು. ಆಮೇಲೆ ನನ್ನ ಮುಖ ನೋಡಿ, “ಯಾರು ಹೋದ್ರವ್ವಾ?” ಎಂದು ಕೇಳಿದರು.

“ಈರಮ್ಮ.”

ಅವರು ಎದ್ದು ಚಪ್ಪಲಿ ಮೆಟ್ಟಿದರು.

ಟೈರ್ ರಿಪೇರಿ ಅಂಗಡಿಯೊಂದರ ಒತ್ತುಯಂತ್ರಕ್ಕೆ ಅಚ್ಚು ಕೂರಿಸಿ ನಾಲ್ಕು ದಿನ ಬಿರಡೆ ಒತ್ತಿದೆವು. ಆವಿಯಲ್ಲಿ ಶುದ್ಧಮಾಡಿ, ಪ್ರಯೋಗಾಲಯದವರು ಒಪ್ಪಿದ ಮೇಲೆ ಕಾರ್ಖಾನೆಗೆ ತಂದೆವು. ಮ್ಯಾನೇಜರ್ ಮಂದಾಕಿನಿ ಬಾಗಿಲಲ್ಲೇ ನಿಂತಿದ್ದರು.

“ಪಟ್ಟಿಯಾಗ ಇಲ್ಲದ ಮಾಲು ಹಾಕಿದ್ರ ನಮ್ಮನ್ನ ಕೂಡುಸಾಲಿನಿಂದ ಹೊರಗ ಹಾಕ್ತಾರ, ಮಹಾಂತಮ್ಮ.”

“ಹಾಕ್ಲಿ ಬಿಡ್ರಿ ಮೇಡಂ. ಒಳಗಿದ್ದು ಏನ್ ಮಾಡಿದ್ವಿ?”

ಮಂದಾಕಿನಿ ತಾವೇ ಒಳಗೆ ಹೋಗಿ ಬಾಟಲಿ ಮುಚ್ಚುವ ಯಂತ್ರದ ಸ್ವಿಚ್ ಆರಿಸಿದರು. ಆ ಯಂತ್ರ ಪಟ್ಟಿಯಲ್ಲಿಲ್ಲದ ಬಿರಡೆಯನ್ನು ಮುಟ್ಟುವುದಿಲ್ಲ. ಕೈಯಲ್ಲೇ ಮುಚ್ಚಿದೆವು. ಹದಿನಾರನೆಯ ದಿನ ಮೊದಲ ಲಾರಿ ಹೊರಟಿತು. ಅಷ್ಟರಲ್ಲಿ ಸತ್ತವರು ನೂರಾ ಹನ್ನೆರಡು ಜನ.

ಮಂದಾಕಿನಿ ಹೇಳಿದಂತೆಯೇ ನಮ್ಮನ್ನು ಹೊರಹಾಕಿದರು. ನಮ್ಮಲ್ಲಿ ನಂಬಿಕೆ ಕಳೆದುಕೊಂಡ ಆಸ್ಪತ್ರೆಗಳು ಬೇರೆಡೆ ಹೋದವು. ಐದು ತಿಂಗಳು ಕಾರ್ಖಾನೆಗೆ ಬೀಗ. ಒಂಬತ್ತು ವರ್ಷ ಗಳಿಸಿದ್ದೆಲ್ಲ ಅಲ್ಲಿಗೆ ಮುಗಿಯಿತು. ಆ ಸಾವುಗಳ ಬಗ್ಗೆ ನಡೆದ ವಿಚಾರಣೆಯ ವರದಿ ಇದನ್ನೆಲ್ಲ ‘ಅನಿರೀಕ್ಷಿತ’ ಎಂದು ಕರೆಯಿತು. ಅನಿರೀಕ್ಷಿತವಂತೆ. ಆ ದಂಡೆಗೆ ಸಮುದ್ರ ನುಗ್ಗುವುದು ಶಾಲೆಯ ಮಕ್ಕಳಿಗೂ ಗೊತ್ತಿತ್ತು. ಬಿರಡೆ ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲವೆಂಬುದು ನಮಗೆಲ್ಲ ಗೊತ್ತಿತ್ತು.

ಈಗ ಕೂಡುಸಾಲಿನ ಹೊರಗೇ ಕಾರ್ಖಾನೆ ತೆರೆದಿದ್ದೇವೆ. ಬಿರಡೆ ಕೊಡುವವರು ಇಬ್ಬರು, ಒಬ್ಬರು ಹುಸೇನಪ್ಪ. ಒಂದು ತಿಂಗಳ ದಾಸ್ತಾನು ಇದೆ. ಲಾಭ ಕಡಿಮೆ. ಆಸ್ಪತ್ರೆಗಳು ಒಂದೊಂದಾಗಿ ಮರಳುತ್ತಿವೆ.

ದಾಸ್ತಾನು ಇಡಬಾರದು, ಒಬ್ಬರಿಂದಲೇ ತರಿಸಬೇಕು ಎಂಬ ಈ ನಿಯಮ ಯಾರು ಮಾಡಿದ್ದೆಂದು ಹಳೆಯ ಕಾಗದಗಳಲ್ಲಿ ಹುಡುಕಿದೆ. ಹಿಂದೆ ಹಿಂದೆ ಹೋಗುತ್ತ ನಿಮ್ಮ ಕಾಲಕ್ಕೆ ಬಂದು ಮುಟ್ಟಿದೆ. ದಾಸ್ತಾನು ದಂಡವೆಂದು ಬರೆದು ಒಬ್ಬರನ್ನೊಬ್ಬರು ಅಭಿನಂದಿಸಿಕೊಂಡವರು ನೀವು. ಬೆಸೆಯಬೇಡಿ ಎನ್ನುತ್ತಿಲ್ಲ. ಬೆಸೆಯಿರಿ. ಆದರೆ ಮಾಲು ಬರುವ ಎರಡನೆಯ ದಾರಿಯನ್ನು ಮುಚ್ಚಿಸುವ ಕಾಗದ ಮೇಜಿಗೆ ಬಂದಾಗ ಸಹಿ ಹಾಕಬೇಡಿ. ಹಾಕಲೇಬೇಕೆಂದಿದ್ದರೆ ಕೆಳಗೆ ನಿಮ್ಮ ಪೂರ್ತಿ ಹೆಸರು, ಊರು ಬರೆಯಿರಿ. ನನಗೆ ಸಿಕ್ಕ ಕಾಗದಗಳಲ್ಲಿ ಸಹಿಯ ಜಾಗದಲ್ಲಿ ಬರೀ ಗೀಚುಗಳಿದ್ದವು. ಯಾರನ್ನು ಕೇಳಬೇಕೆಂದು ತಿಳಿಯದೆ ನಿಮ್ಮೆಲ್ಲರಿಗೂ ಬರೆಯಬೇಕಾಗಿ ಬಂದಿದೆ.

ಮಹಾಂತಮ್ಮ ಬಳಿಗಾರ