ಪಾಸ್ ಎಂದವಳ ಸರದಿ

ಮನೆಯಿಂದ,
ಮಾರ್ಚ್ ೧೨, ಗುರುವಾರ ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಆಸ್ಪತ್ರೆಯಲ್ಲಿ ಇಡೀ ದಿನ ನಿಂತು ಊದಿದ್ದ ಕಾಲು ಇಳಿಯಿತೇ? ಊರವರ ಕಾಲಿಗೆಲ್ಲ ಪಟ್ಟಿ ಕಟ್ಟುತ್ತಾ ನಿನ್ನ ಕಾಲು ಮರೆಯಬೇಡ ತಾಯೀ. ನಾವಿಲ್ಲಿ ಚೆನ್ನಾಗಿದ್ದೇವೆ. ಬೇಕರಿಗೆ ಹೊಸ ಒಲೆ ಬಂದಿದೆ. ಅದೂ ನನ್ನ ಹಾಗೆಯೇ, ಬಿಸಿಯಾಗಲು ಹೊತ್ತು ಬೇಕು, ಆದಮೇಲೆ ಹಿಡಿಯುವವರಿಲ್ಲ.

ಅಮ್ಮನ ಕೈಕಾಲು ಈಗ ಪರವಾಗಿಲ್ಲ. ಆದರೆ ಪಾರ್ಶ್ವವಾಯು ಹೊಡೆದಾಗಿನಿಂದ ಮಾತು ಗಂಟಲಲ್ಲೇ ಸಿಕ್ಕಿಕೊಂಡಿರುವುದು ನಿನಗೆ ಗೊತ್ತೇ ಇದೆ. ಈಜು ಕಲಿಸುವಾಗ ಕೊಳದ ಆ ತುದಿಯಲ್ಲಿದ್ದವರನ್ನೂ ಬೆಚ್ಚಿಬೀಳಿಸುತ್ತಿದ್ದ ದನಿ ಅದು! ಈಗ ಅವಳು ‘ನೀ...’ ಎನ್ನುವಷ್ಟರಲ್ಲಿ ನಾನು ನೀರು ಹಿಡಿದು ನಿಲ್ಲುತ್ತೇನೆ, ನನ್ನ ಹೆಂಡತಿ ನೀಲಿ ಬಣ್ಣದ ಶಾಲು ತರುತ್ತಾಳೆ. ಅಮ್ಮ ಎರಡನ್ನೂ ನೋಡಿ, ಕೈಬೀಸಿ, ಗೋಡೆಯ ಕಡೆ ತಿರುಗಿಬಿಡುತ್ತಾಳೆ.

ನೀನು ಹೋದಮೇಲೆ ಅವಳು ಇಸ್ಪೀಟಿನ ಬ್ರಿಜ್ ಕ್ಲಬ್ಬಿನ ಕಡೆ ತಲೆ ಹಾಕಿರಲಿಲ್ಲ. ಹೋದ ಭಾನುವಾರ ನಾನೇ ನಿನ್ನ ಜಾಗದಲ್ಲಿ ಜೊತೆಗಾರನಾಗಿ ಕರೆದುಕೊಂಡು ಹೋದೆ. ಗ್ರಂಥಾಲಯದ ಮೇಲಿನ ಅದೇ ಕೋಣೆ, ಕುಂಟುವ ಅದೇ ಮೇಜು. ಎದುರಾಳಿಯಾಗಿ ಕೂತಿದ್ದ ಹಲ್ಲಿನ ಡಾಕ್ಟರು ನನ್ನನ್ನು ಕೇಳಿದರು, “ಅಮ್ಮಾವ್ರು ಆಡ್ತಾರಾ, ಸುಮ್ನೆ ನೋಡ್ತಾರಾ?” ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಅವರ ಪಕ್ಕದ, ನನ್ನೆದುರಿನ ಕುರ್ಚಿ ಎಳೆದುಕೊಂಡು ಕೂತಳು. ಅಲ್ಲಿ ಇಷ್ಟು ಪಟ್ಟು ಗೆಲ್ಲುತ್ತೇವೆಂಬ ಕೂಗನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲವಲ್ಲ, ಕಾರ್ಡು ತೆಗೆದಿಟ್ಟರೆ ಸಾಕು. ಆ ಕೋಣೆಯಲ್ಲಿ ಎಲ್ಲರೂ ಅಮ್ಮನಷ್ಟೇ ಮೂಗರು.

ಕೊನೆಯ ಆಟದಲ್ಲಿ ಮೊದಲ ಸರದಿ ಅಮ್ಮನದು. ಪಾಸ್ ಇಟ್ಟಳು. ನಾನು ಒಂದು ಹಾರ್ಟ್ ಇಟ್ಟೆ. ಅವಳು ಒಂದು ಸ್ಪೇಡ್ ಇಟ್ಟಳು. ಆಗ ನಿನ್ನ ಪಾಠ ಕಿವಿಯಲ್ಲಿ ಗುಂಯ್ ಎಂದಿತು: “ಮೊದ್ಲು ಪಾಸ್ ಅಂದವಳ ಕೈಲಿ ಹೆಚ್ಚಿಗೆ ಇರಲ್ಲ ಕಣೋ. ಅವಳು ಆಮೇಲೆ ಹೊಸ ಬಣ್ಣ ಕೂಗಿದ್ರೂ ನೀನು ಸುಮ್ನಿರಬಹುದು. ಆದ್ರೆ ನಿನ್ನ ಕೈ ತುಂಬಿದ್ರೆ ಒಂದು ಮೆಟ್ಟಿಲು ಹಾರಿ ಹೊಸ ಬಣ್ಣ ಕೂಗು. ಆಗ ಅವಳು ಪಾಸ್ ಅನ್ನೋ ಹಾಗಿಲ್ಲ, ಮಾತಾಡ್ಲೇಬೇಕು.” ನನ್ನ ಕೈ ತುಂಬಿ ತುಳುಕುತ್ತಿತ್ತು. ಎರಡು ಬಿಟ್ಟು ಮೂರು ಡೈಮಂಡ್‌ಗೆ ಹಾರಿದೆ.

ಅಮ್ಮನ ಬೆರಳು ಹಸಿರು ಪಾಸ್ ಕಾರ್ಡಿನ ಮೇಲೆ ಹೋಗಿ ನಿಂತಿತು. ಅದನ್ನಿಟ್ಟರೆ ನನ್ನ ತುಂಬಿದ ಕೈ ಮೂರಕ್ಕೇ ನಿಂತುಹೋಗುತ್ತಿತ್ತು. ಡಾಕ್ಟರು ಕೆಮ್ಮಿದರು. ಮನೆಯಲ್ಲಾಗಿದ್ದರೆ ಅಷ್ಟರಲ್ಲಿ ನಾನೇ ಅವಳ ಪರವಾಗಿ ಏನಾದರೂ ಹೇಳಿಬಿಡುತ್ತಿದ್ದೆ. ಇಲ್ಲಿ ಹುಬ್ಬು ಹಾರಿಸಿದರೂ ತಪ್ಪು. ತುಟಿ ಕಚ್ಚಿಕೊಂಡು ಮೇಜಿನ ಮೇಲಿನ ಗೀರು ನೋಡುತ್ತಾ ಕೂತೆ. ಬೆರಳು ಮೆಲ್ಲನೆ ಸರಿಯಿತು, ಹುಡುಕಿತು, ನಾಲ್ಕು ಡೈಮಂಡ್ ಹೊರತೆಗೆದು ನೆಟ್ಟಗೆ ಇಟ್ಟಿತು.

ನಾನು ಆರಕ್ಕೆ ಏರಿಸಿದೆ. ಆಡುವವನು ನಾನಾದ್ದರಿಂದ ಅಮ್ಮ ತನ್ನ ಎಲೆಗಳನ್ನು ಬಿಚ್ಚಿಟ್ಟಳು: ರಾಣಿಯ ಸಮೇತ ನಾಲ್ಕು ಡೈಮಂಡ್, ಜೊತೆಗೆ ಸ್ಪೇಡಿನ ಎಕ್ಕ. ಒಪ್ಪಿಕೊಂಡಷ್ಟೂ ಪಟ್ಟು ಗೆದ್ದೆವು. ಡಾಕ್ಟರು ಎಲೆ ಕೆಳಗಿಟ್ಟು, ಈ ಸಲ ನೇರವಾಗಿ ಅಮ್ಮನನ್ನೇ ಕೇಳಿದರು, “ಹೇಗೆ ಆಡ್ತಾನೆ ಮಗ?” ಕೇಳಿ ಸುಮ್ಮನೆ ಕೂತರು. ಅವರನ್ನು ನೋಡಿ ನಾನೂ ಸುಮ್ಮನಾದೆ. ಅಮ್ಮನ ತುಟಿ ಕೂಡಿತು, ಬಿಟ್ಟಿತು. “ಹಾರಿದ್ದು... ಸರಿ,” ಎಂದಳು. ಆಮೇಲೆ ಇನ್ನಷ್ಟು ಹೊತ್ತು ತೆಗೆದುಕೊಂಡು, “ಅಕ್ಕನ... ಅಷ್ಟು... ಇಲ್ಲ.” ಹಾಗೆ ಬೈಸಿಕೊಂಡು ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು! ದಾರಿಯುದ್ದಕ್ಕೂ ನಗುತ್ತಾ ಬಂದೆವು.

ರಾತ್ರಿ ಪಾಳಿ ಮುಗಿಸಿ ಸುಸ್ತಾಗಿದ್ದರೂ ಫೋನಿನಲ್ಲಿ ಈ ದಪ್ಪ ತಲೆಗೆ ಆಟ ತುಂಬಿದವಳು ನೀನು. ನಿನ್ನ ಉಪಕಾರ ಹೇಗೆ ತೀರಿಸಲಿ? ಬನ್ನು ಕಳಿಸಿದರೆ ಅಲ್ಲಿಗೆ ಬರುವಷ್ಟರಲ್ಲಿ ಕಲ್ಲಾಗಿರುತ್ತದೆ.

ಅಮ್ಮ ನಿನ್ನ ತಲೆ ಸವರಿದಳೆಂದುಕೋ. ನನ್ನ ಹೆಂಡತಿಯೂ ನಿನ್ನನ್ನು ಬಹಳ ನೆನೆಯುತ್ತಾಳೆ.

ನಿನ್ನ ತಮ್ಮ,
ಗುಂಡಣ್ಣ

ಮರೆತಿದ್ದೆ ಅಕ್ಕಾ: ಈ ಭಾನುವಾರ ನೀನು ಫೋನ್ ಮಾಡಿದಾಗ ಎತ್ತುವವಳು ಅಮ್ಮ. ನಿನಗೆ ಏನೋ ಹೇಳಬೇಕಂತೆ. ಏನೆಂದು ನನಗೂ ಹೇಳಿಲ್ಲ, ನಾನೂ ಊಹಿಸಲು ಹೋಗಿಲ್ಲ. ಏನೂ ಕೇಳಿಸದಿದ್ದರೆ ಲೈನ್ ಹೋಯಿತೆಂದು ಇಟ್ಟುಬಿಡಬೇಡ. ಸುಮ್ಮನೆ ಕಾದಿರು. ಹೇಳುತ್ತಾಳೆ.